ಸೋರುವ ಜಾಗ ಬೇರೆ, ತೊಟ್ಟಿಕ್ಕುವ ಜಾಗ ಬೇರೆ

ದೊಡ್ಡಬಳ್ಳಾಪುರ

ಚಿ. ಪುಟ್ಟನಿಗೆ ದೊಡ್ಡಪ್ಪನ ಆಶೀರ್ವಾದ.

ನೀನು ಸೆಕೆಂಡ್ ಹ್ಯಾಂಡ್ ಕ್ಯಾಂಟರ್ ತಗೊಂಡು ವಿಜಯಪುರದಿಂದ ಯಶವಂತಪುರದ ಯಾರ್ಡಿಗೆ ತರಕಾರಿ ಹೊಡೆಯುತ್ತಿರುವುದು ಕೇಳಿ ನನಗೆ ಹೆಮ್ಮೆ ಆಯಿತು. ಆದರೆ ಬೆಳಿಗ್ಗೆ ನೋಡಿದರೆ ಗಾಡಿ ಕೆಳಗೆ ಡೀಸೆಲ್ ಬಿದ್ದಿರುತ್ತದೆ, ಸೆಲ್ಫ್ ಹೊಡೆದರೆ ಬೇಗ ಸ್ಟಾರ್ಟ್ ಆಗುವುದಿಲ್ಲ, ಸಿಕ್ಕ ನಟ್ಟನ್ನೆಲ್ಲ ಬಿಗಿ ಮಾಡಿಸಿ ಅಂಟು ಮೆತ್ತಿಸಿದರೂ ನಿಂತಿಲ್ಲ ಅಂದೆಯಲ್ಲ, ಅದು ಮನಸ್ಸಿನಲ್ಲೇ ಕೊರೆಯುತ್ತಿದೆ. ಫೋನಿನಲ್ಲಿ ಹೇಳಿದ್ದು ಅರ್ಧ ಮರೆತುಹೋಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಸ್ಪ್ಯಾನರ್ ಕೆಳಗಿಡು. ಡೀಸೆಲ್ ಎಲ್ಲಿ ತೊಟ್ಟಿಕ್ಕುತ್ತದೋ ಅಲ್ಲೇ ಸೋರುತ್ತಿರುತ್ತದೆ ಅಂತಿಲ್ಲ. ಅದು ಪೈಪಿನ ಗುಂಟ ಇಳಿಯುತ್ತದೆ, ಗಾಡಿ ಓಡುವಾಗ ಗಾಳಿ ಅದನ್ನು ಹಿಂದಕ್ಕೆ ಎರಚುತ್ತದೆ, ಕೊನೆಗೆ ಚೇಂಬರಿನ ಯಾವುದೋ ಮೂಲೆಯಿಂದ ಬೀಳುತ್ತದೆ. ಹುಡುಕಬೇಕಾದದ್ದು ಅದಕ್ಕಿಂತ ಮೇಲೆ, ಅದಕ್ಕಿಂತ ಮುಂದೆ. ಎಂಜಿನ್ ತಣ್ಣಗಿರುವಾಗ ಫಿಲ್ಟರ್, ಪಂಪ್, ನಾಜಲ್ ಎಲ್ಲವನ್ನೂ ಚೆನ್ನಾಗಿ ತೊಳೆದು ಬಟ್ಟೆಯಲ್ಲಿ ಒರೆಸಿ ಒಣಗಿಸು. ಮೇಲೆ ಮುಖಕ್ಕೆ ಹಾಕುವ ಪೌಡರನ್ನೋ ಸೀಮೆಸುಣ್ಣದ ಪುಡಿಯನ್ನೋ ತೆಳ್ಳಗೆ ಉದುರಿಸು. ಎಂಜಿನ್ ಹತ್ತು ನಿಮಿಷ ಓಡಲಿ, ಆಫ್ ಮಾಡಿ ಟಾರ್ಚ್ ಹಿಡಿದು ನೋಡು. ಬಿಳಿ ಪುಡಿ ಎಲ್ಲಿ ಮೊದಲು ಕಪ್ಪಗೆ ಒದ್ದೆಯಾಗಿದೆಯೋ, ಅದರಲ್ಲೂ ಎಲ್ಲಕ್ಕಿಂತ ಮೇಲಿನ ಒದ್ದೆ ಯಾವುದೋ, ಅದೇ ಕಳ್ಳ.

ಇನ್ನೊಂದು ವಿಷಯ. ಕೆಳಗೆ ಬೀಳುವ ಡೀಸೆಲೂ ಬೆಳಗಿನ ಸ್ಟಾರ್ಟಿಂಗ್ ತೊಂದರೆಯೂ ಒಂದೇ ಕಡೆಯಿಂದ ಬಂದಿರಲೇಬೇಕು ಅಂತಿಲ್ಲ. ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ ಪೈಪಿನಲ್ಲಿ ಡೀಸೆಲ್ ಎಳೆತದಲ್ಲಿ ಬರುತ್ತದೆ. ಅಲ್ಲಿ ಸಂದಿ ಬಿಟ್ಟರೆ ಎಂಜಿನ್ ಓಡುವಾಗ ಡೀಸೆಲ್ ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಹೊರಗಡೆ ಎಲ್ಲಾ ಒಣಗಿರುತ್ತದೆ. ರಾತ್ರಿ ನಿಲ್ಲಿಸಿದಾಗ ಪೈಪಿನ ಡೀಸೆಲ್ ಟ್ಯಾಂಕಿಗೆ ವಾಪಸ್ ಇಳಿದು, ಬೆಳಿಗ್ಗೆ ಏರ್ ಹಿಡಿದಿರುತ್ತದೆ. ಕೈಪಂಪ್ ಒತ್ತಿ ಏರ್ ತೆಗೆದರೆ ಸ್ಟಾರ್ಟ್ ಆಗುತ್ತದೆ ಅಂದರೆ ಅನುಮಾನ ಈ ಕಡೆಗೇ ಇರಲಿ. ಫೀಡ್ ಪಂಪಿಗೆ ಮುಂಚೆ ಒಂದು ಗೇಣು ಪಾರದರ್ಶಕ ಪೈಪ್ ಹಾಕಿ ನೋಡು. ಗುಳ್ಳೆ ಓಡುತ್ತಿದ್ದರೆ ತಪ್ಪು ಟ್ಯಾಂಕಿನ ಕಡೆ. ಆ ಪೈಪಿನ ಟ್ಯಾಂಕ್ ಕಡೆಯ ತುದಿ ಬಿಚ್ಚಿ ಶುದ್ಧ ಡೀಸೆಲ್ ತುಂಬಿದ ಕ್ಯಾನಿಗೆ ಇಳಿಬಿಟ್ಟು ಓಡಿಸಿದಾಗ ಗುಳ್ಳೆ ನಿಂತರೆ ಅನುಮಾನವೇ ಉಳಿಯುವುದಿಲ್ಲ. ಚಾಸಿಗೆ ಪೈಪನ್ನು ಹಿಡಿಸಿರುವ ಕ್ಲಿಪ್ಪುಗಳನ್ನು ಒಂದೊಂದಾಗಿ ಬಿಚ್ಚಿ ಅಡಿಯಲ್ಲಿ ನೋಡು. ಕಬ್ಬಿಣದ ಪೈಪು ಕ್ಲಿಪ್ಪಿನ ಕೆಳಗೆ ನೀರು ನಿಂತು ತುಕ್ಕು ಹಿಡಿದು, ಸೂಜಿಮೊನೆಯಷ್ಟು ತೂತಾಗಿರುತ್ತದೆ. ಹೊರಗಿನಿಂದ ನೋಡಿದರೆ ಪೈಪು ಹೊಸದರ ಹಾಗೇ ಇರುತ್ತದೆ.

ಒದ್ದೆ ಕಾಣುವ ಕಡೆ ಹೆಚ್ಚಾಗಿ ಸಿಕ್ಕಿಬೀಳುವುದು ಎರಡು. ಒಂದು, ನಾಜಲ್‌ಗಳ ಮೇಲಿನ ಓವರ್‌ಫ್ಲೋ ರಬ್ಬರ್ ಪೈಪ್. ಬಿಸಿಗೆ ಆ ರಬ್ಬರು ಗಟ್ಟಿಯಾಗಿ ಬಿರುಕು ಬಿಡುತ್ತದೆ. ಒಂದು ಹೋಗಿದ್ದರೂ ಎಲ್ಲವನ್ನೂ ಒಟ್ಟಿಗೆ ಬದಲಾಯಿಸು. ಇನ್ನೊಂದು, ಫಿಲ್ಟರಿಗೆ ಪೈಪ್ ಕೂಡಿಸುವ ಬ್ಯಾಂಜೋ ಬೋಲ್ಟಿನ ತಾಮ್ರದ ವಾಷರ್. ಒಮ್ಮೆ ಬಿಗಿಯಾದ ತಾಮ್ರ ಗಟ್ಟಿಯಾಗಿಬಿಡುತ್ತದೆ, ಎರಡನೇ ಸಲ ಕೂರುವುದಿಲ್ಲ. ನಾವು ಹೊಸದು ಸಿಗದಾಗ ಕೆಂಪಗೆ ಕಾಯಿಸಿ ನೀರಿಗೆ ಅದ್ದಿ ಮೆತ್ತಗೆ ಮಾಡಿಕೊಳ್ಳುತ್ತಿದ್ದೆವು. ಈಗ ಹೊಸ ವಾಷರ್ ಬಹಳ ಅಗ್ಗ, ಹೊಸದನ್ನೇ ಹಾಕು. ಹಳೆಯ ವಾಷರ್ ಮೇಲೆ ಇನ್ನಷ್ಟು ಬಿಗಿ ಮಾಡಿದರೆ ಅಲ್ಯೂಮಿನಿಯಂ ಫಿಲ್ಟರ್ ಹೆಡ್ಡಿನ ಮರೆ, ಅಂದರೆ ಥ್ರೆಡ್, ಹೋಗುತ್ತದೆ. ನೂರರ ಕೆಲಸ ಸಾವಿರಕ್ಕೆ ಹತ್ತುತ್ತದೆ.

ಎಂಜಿನ್ ಆಯಿಲ್ ಕಡ್ಡಿಯನ್ನು ತೆಗೆದು ನೋಡಿದೆಯಾ? ಮಟ್ಟ ಏರಿದ್ದರೆ, ಮೂಸಿದಾಗ ಡೀಸೆಲ್ ವಾಸನೆ ಹೊಡೆದರೆ, ಪಂಪಿನ ಸೀಲ್ ಹೋಗಿ ಡೀಸೆಲ್ ಒಳಗೇ ಇಳಿಯುತ್ತಿರಬಹುದು. ಹಾಗಿದ್ದರೆ ಗಾಡಿ ಎತ್ತಬೇಡ, ಆಯಿಲ್ ತೆಳ್ಳಗಾಗಿ ಬೇರಿಂಗ್ ತಿಂದುಹಾಕುತ್ತದೆ. ಪಂಪ್ ಬಿಚ್ಚುವುದು ಪಂಪ್-ನಾಜಲ್ ಕೆಲಸದವರ ಪಾಲಿಗೆ ಬಿಡು. ನಾವು ಕೆಲಸ ಕಲಿಯುವಾಗ ಪಂಪು ಅಂದರೆ ಮೈಕೋ, ಮೈಕೋ ಅಂದರೆ ಬೆಂಗಳೂರಿನ ಆಡುಗೋಡಿ. 1951ರಲ್ಲಿ ಹುಟ್ಟಿದ ಆ ಕಂಪನಿ 2008ರಲ್ಲಿ ಬಾಷ್ ಅಂತ ಹೆಸರು ಬದಲಿಸಿಕೊಂಡಿತು. ಆ ಪಂಪುಗಳ ಒಳಗಿನ ಕೆಲಸ ಎಷ್ಟು ಸೂಕ್ಷ್ಮ ಅನ್ನುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಸೀಲ್ ವಿಚಾರಕ್ಕೆ ಇದನ್ನೂ ಸೇರಿಸುತ್ತೇನೆ: 1993ರಲ್ಲಿ ಅಮೆರಿಕದಲ್ಲಿ ಗಂಧಕ ಕಡಿಮೆ ಮಾಡಿದ ಡೀಸೆಲ್ ಬಂದಾಗ ಎಷ್ಟೋ ಹಳೆಯ ಗಾಡಿಗಳ ಪಂಪಿನ ರಬ್ಬರ್ ಸೀಲುಗಳು ಕುಗ್ಗಿ ಸೋರಿದ್ದವು. ನಮ್ಮಲ್ಲೂ 2020ರ ಏಪ್ರಿಲ್ 1ರಿಂದ ಗಂಧಕ ಕಡಿಮೆ ಇರುವ ಬಿಎಸ್-6 ಡೀಸೆಲ್ ಬಂದಿದೆ. ಹಳೆಯ ಗಾಡಿಯ ಸೀಲ್ ಬದಲಾಯಿಸುವಾಗ ಈಗಿನ ಡೀಸೆಲ್‌ಗೆ ಹೊಂದುವ ರಬ್ಬರನ್ನೇ ಕೇಳು.

ಇದೊಂದು ಮಾತನ್ನು ಮಾತ್ರ ನನ್ನ ಮೇಲೆ ಆಣೆ ಇಟ್ಟು ಪಾಲಿಸು. ಪಂಪಿನಿಂದ ನಾಜಲ್‌ಗೆ ಹೋಗುವ ಡೆಲಿವರಿ ಪೈಪ್ ಸೋರುತ್ತಿದೆಯೇ ಅಂತ ಬೆರಳಿಟ್ಟು ನೋಡಬೇಡ, ಒಂದು ರಟ್ಟಿನ ತುಂಡು ಹಿಡಿದು ನೋಡು. ನಿನ್ನ ಗೆಳೆಯನ ಹೊಸ ಪಿಕಪ್ ಕಾಮನ್ ರೈಲ್ ಎಂಜಿನ್ನಿನದು ಅಂದೆ. ಅಂಥವುಗಳಲ್ಲಿ ಡೀಸೆಲಿನ ಒತ್ತಡ 1600 ಬಾರ್ ತನಕ ಹೋಗುತ್ತದೆ, ಲಾರಿ ಟೈರಿನಲ್ಲಿ ಇರುವುದು ಸುಮಾರು 8 ಬಾರ್. ಡೀಸೆಲಿನ ಕಣ್ಣಿಗೆ ಕಾಣದಷ್ಟು ಸಣ್ಣ ಎಳೆ ಚರ್ಮವನ್ನು ತೂತು ಮಾಡಿ ಒಳಗೆ ಹೋಗುತ್ತದೆ, ಮೇಲೆ ಇರುವೆ ಕಚ್ಚಿದಷ್ಟೇ ಗುರುತು. ಆಮೇಲೆ ಬೆರಳನ್ನೇ ತೆಗೆಯಬೇಕಾಗಿ ಬರಬಹುದು. ನೋವಿಲ್ಲ ಅಂತ ಸುಮ್ಮನಿರದೆ ತಕ್ಷಣ ಆಸ್ಪತ್ರೆಗೆ ಓಡಬೇಕು. ಹಳೆಯ ಎಂಜಿನ್ನಿನಲ್ಲಿ ನಟ್ಟು ಸಡಿಲಿಸಿ ಏರ್ ತೆಗೆಯುವ ಹಾಗೆ ಕಾಮನ್ ರೈಲ್ ಗಾಡಿಯಲ್ಲಿ ಎಂಜಿನ್ ಓಡುವಾಗ ಮಾಡಲೇಬಾರದು ಅಂತ ಅವನಿಗೂ ಹೇಳು.

ಹನಿ ತಾನೇ ಅಂತ ತಳ್ಳಿಹಾಕಬೇಡ. ಸೆಕೆಂಡಿಗೊಂದು ಹನಿ, ನಲವತ್ತು ಹನಿಗೆ ಒಂದು ಮಿಲಿಲೀಟರ್ ಅಂತ ಹಿಡಿದರೂ ದಿನಕ್ಕೆ ಎರಡು ಲೀಟರ್ ದಾಟುತ್ತದೆ. ದುಡ್ಡಿಗಿಂತ ದೊಡ್ಡದು ರಸ್ತೆಯ ಮಾತು. ಡೀಸೆಲ್ ಪೆಟ್ರೋಲಿನಂತೆ ಬೇಗ ಆರುವುದಿಲ್ಲ. ಭಾನುವಾರ ನಸುಕಿನಲ್ಲಿ ದೇವನಹಳ್ಳಿ ಮೇಲೆ ನಂದಿಬೆಟ್ಟಕ್ಕೆ ಹೋಗುವ ಬೈಕ್ ಹುಡುಗರು ನಿನ್ನ ವಯಸ್ಸಿನವರೇ. ತಿರುವಿನಲ್ಲಿ ನಿನ್ನ ಗಾಡಿಯ ಡೀಸೆಲ್ ಮೇಲೆ ಅವರ ಚಕ್ರ ಹೋದರೆ ಏನಾಗುತ್ತದೆ ಅಂತ ನಿನಗೆ ಗೊತ್ತು.

ಈ ವಾರ ಲೋಡ್ ಹಾಕುವ ಮುಂಚೆ ಒಂದು ದಿನ ಗಾಡಿ ನಿಲ್ಲಿಸಿ ಈ ಕೆಲಸ ಮುಗಿಸು. ಸೋರುವ ಜಾಗ ಸಿಗದಿದ್ದರೆ ಗಾಡಿ ಇಲ್ಲಿಗೆ ತಗೊಂಡು ಬಾ, ಇಬ್ಬರೂ ಸೇರಿ ಹುಡುಕೋಣ.

ಇಂತಿ,
ನಿನ್ನ ದೊಡ್ಡಪ್ಪ