ಎಮ್ಯುಲೇಟರಿನ ಪ್ರೊಸೆಸರ್ ಗುಂಪುಗಳು: ವೆಚ್ಚ ಲೆಕ್ಕದ ಒಂದು ಪಾಠ

'ಕ್ಲಸ್ಟರ್' ಎಂಬ ಶಬ್ದ ಕೊಪ್ಪಳ ಜಿಲ್ಲೆಯ ಉದ್ದಿಮೆದಾರರಿಗೆ ಹೊಸದಲ್ಲ. 2021ರ ಜನವರಿಯಲ್ಲಿ ಭಾನಾಪುರದ ಆಟಿಕೆ ಕ್ಲಸ್ಟರಿಗೆ ಶಂಕುಸ್ಥಾಪನೆಯಾದ ಮೇಲೆ ಅದು ಇನ್ನಷ್ಟು ಬಳಕೆಗೆ ಬಂದಿತು. ಹಲವು ಘಟಕಗಳು ಒಂದುಗೂಡಿದರೆ ವೆಚ್ಚ ತಾನಾಗಿಯೇ ಇಳಿಯುತ್ತದೆ ಎಂಬ ನಂಬಿಕೆಯೂ ಸಾಮಾನ್ಯವಾಗಿದೆ. ಈ ನಂಬಿಕೆಯನ್ನು ಒರೆಗೆ ಹಚ್ಚಲು ಚಿಪ್ ವಿನ್ಯಾಸ ಕ್ಷೇತ್ರದ ಒಂದು ಯಂತ್ರ ಉತ್ತಮ ಉದಾಹರಣೆಯಾಗಿದೆ.

1. ಎಮ್ಯುಲೇಟರ್ ಎಂದರೇನು?

ಕಂಪ್ಯೂಟರ್ ಚಿಪ್ಪನ್ನು ಒಮ್ಮೆ ತಯಾರಿಸಿದ ನಂತರ ಅದರೊಳಗಿನ ತಪ್ಪನ್ನು ತಿದ್ದುವುದು ಬಹು ದುಬಾರಿ. 1994ರಲ್ಲಿ ಇಂಟೆಲ್ ಸಂಸ್ಥೆಯ ಪೆಂಟಿಯಂ ಚಿಪ್ಪಿನಲ್ಲಿ ಭಾಗಾಕಾರದ ದೋಷವೊಂದು ಬೆಳಕಿಗೆ ಬಂದಾಗ, ಆ ಸಂಸ್ಥೆ ಅದಕ್ಕಾಗಿ 47.5 ಕೋಟಿ ಡಾಲರ್ ಹೊರೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಯಿತು. ಇಂಥ ನಷ್ಟವನ್ನು ತಪ್ಪಿಸಲು, ತಯಾರಿಕೆಗೆ ಮೊದಲೇ ಚಿಪ್ಪಿನ ವಿನ್ಯಾಸವನ್ನು ಬೇರೊಂದು ಯಂತ್ರದಲ್ಲಿ ನಡೆಸಿ ನೋಡುತ್ತಾರೆ. ಆ ಯಂತ್ರವೇ ಹಾರ್ಡ್‌ವೇರ್ ಎಮ್ಯುಲೇಟರ್. ಕೇಡೆನ್ಸ್ ಸಂಸ್ಥೆಯ ಪಲ್ಲೇಡಿಯಂ ಇವುಗಳಲ್ಲಿ ಪ್ರಸಿದ್ಧವಾದುದು.

ಈ ಬಗೆಯ ಯಂತ್ರದಲ್ಲಿ ಅಸಂಖ್ಯ ಪುಟ್ಟ ಪ್ರೊಸೆಸರುಗಳಿರುತ್ತವೆ. ಪ್ರತಿಯೊಂದೂ ಒಂದು ಹಂತದಲ್ಲಿ 'ಹೌದು-ಅಲ್ಲ' ಎಂಬ ಒಂದು ಸಣ್ಣ ತೀರ್ಮಾನವನ್ನು ಮಾತ್ರ ಮಾಡುತ್ತದೆ. ಬೇಕಾದ ಮಾಹಿತಿಯನ್ನು ಸ್ಮೃತಿಕೋಶದಿಂದ ತೆಗೆದುಕೊಂಡು, ಫಲಿತಾಂಶವನ್ನು ಮತ್ತೆ ಸ್ಮೃತಿಕೋಶದಲ್ಲಿಯೇ ಇಡುತ್ತದೆ.

2. ಗುಂಪುಗೂಡಿಸುವ ಕ್ರಮ

ಈ ಪ್ರೊಸೆಸರುಗಳನ್ನು ಗುಂಪುಗೂಡಿಸುವ ಒಂದು ವಿಧಾನವನ್ನು ಐಬಿಎಂ ಸಂಸ್ಥೆಯ ಎಂಜಿನಿಯರುಗಳು ರೂಪಿಸಿದರು. ಇದರಲ್ಲಿ ಎರಡು ಅಂಶಗಳಿವೆ. ಮೊದಲನೆಯದು, ಗುಂಪಿನ ಎಲ್ಲ ಪ್ರೊಸೆಸರುಗಳಿಗೂ ಸ್ಮೃತಿಕೋಶ ಒಂದೇ. ಎರಡನೆಯದು, ಒಂದರ ಫಲಿತಾಂಶ ಸ್ಮೃತಿಕೋಶಕ್ಕೆ ಹೋಗಿ ಮರಳಿ ಬರುವವರೆಗೆ ಕಾಯದೆ, ಅದೇ ಹಂತದಲ್ಲಿ ನೇರವಾಗಿ ಮುಂದಿನದಕ್ಕೆ ತಲುಪುತ್ತದೆ.

ಗಂಗಾವತಿಯ ರೈಸ್ ಮಿಲ್ಲನ್ನು ಕಂಡವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಶೆಲ್ಲರಿನಿಂದ ಬಂದ ಅಕ್ಕಿಯನ್ನು ಚೀಲಕ್ಕೆ ತುಂಬಿ, ಗೋದಾಮಿಗೆ ಸಾಗಿಸಿ, ಸ್ಟಾಕ್ ರಿಜಿಸ್ಟರಿನಲ್ಲಿ ಬರೆದು, ಮರುದಿನ ಪಾಲಿಶರಿಗೆ ಕೊಡುವುದು ಒಂದು ಕ್ರಮ. ಎಲಿವೇಟರಿನ ಮೂಲಕ ನೇರವಾಗಿ ಪಾಲಿಶರಿಗೆ ಹರಿಸುವುದು ಇನ್ನೊಂದು ಕ್ರಮ. ಎರಡನೆಯದರಲ್ಲಿ ಹಮಾಲಿಯೂ ಉಳಿಯುತ್ತದೆ, ಸಮಯವೂ ಉಳಿಯುತ್ತದೆ.

3. ಅಂಕಿಗಳಲ್ಲಿ

ತಿಳಿವಳಿಕೆಗಾಗಿ, ಮಾಹಿತಿಯನ್ನು ತೆಗೆದು ಇಡುವುದಕ್ಕೆ 3 ಘಳಿಗೆ, ತೀರ್ಮಾನಕ್ಕೆ 1 ಘಳಿಗೆ ಬೇಕೆಂದು ಭಾವಿಸೋಣ.

(ಅ) ಒಂದರ ಮೇಲೊಂದು ಅವಲಂಬಿಸಿದ 4 ಕೆಲಸಗಳು: ಬಿಡಿಯಾಗಿ ಮಾಡಿದರೆ 4 × (3+1) = 16 ಘಳಿಗೆ. ನಾಲ್ಕರ ಗುಂಪಿನಲ್ಲಿ 3+4 = 7 ಘಳಿಗೆ.

(ಆ) ಪರಸ್ಪರ ಸಂಬಂಧವಿಲ್ಲದ 4 ಕೆಲಸಗಳು: ನಾಲ್ಕು ಬಿಡಿ ಪ್ರೊಸೆಸರುಗಳು ಏಕಕಾಲಕ್ಕೆ 4 ಘಳಿಗೆಯಲ್ಲಿ ಮುಗಿಸುತ್ತವೆ. ಆದರೆ ಗುಂಪಿನ ಹಂತವನ್ನು 7 ಘಳಿಗೆಗೆ ನಿಗದಿಪಡಿಸಿರುವುದರಿಂದ ಅಲ್ಲಿ 7 ಘಳಿಗೆ ಕಳೆಯುತ್ತದೆ.

(ಇ) ಗುಂಪಿನಲ್ಲಿ 40 ಪ್ರೊಸೆಸರುಗಳಿದ್ದರೆ ಹಂತ 43 ಘಳಿಗೆಗೆ ಹಿಗ್ಗುತ್ತದೆ. ಅಷ್ಟುದ್ದದ ಕೆಲಸದ ಸರಪಳಿ ವಿರಳವಾಗಿದ್ದರೆ, ಬಹುಪಾಲು ಸಮಯ ವ್ಯರ್ಥವಾಗುತ್ತದೆ.

ಅಂದರೆ ಲಾಭ ಬರುವುದು ಕೂಡಿಕೆಯಿಂದಲ್ಲ, ಕೆಲಸದ ಸ್ವರೂಪದಿಂದ. ಆದ್ದರಿಂದಲೇ ಯಾವ ಕೆಲಸವನ್ನು ಯಾವ ಗುಂಪಿಗೆ ವಹಿಸಬೇಕೆಂಬುದನ್ನು ಯಂತ್ರದ ತಂತ್ರಾಂಶ ಮೊದಲೇ ನಿರ್ಧರಿಸುತ್ತದೆ.

4. ಉದ್ದಿಮೆಗೆ ಅನ್ವಯ

ಕೇಂದ್ರದ ಎಂಎಸ್‌ಎಂಇ ಸಚಿವಾಲಯದ ಕ್ಲಸ್ಟರ್ ಅಭಿವೃದ್ಧಿ ಯೋಜನೆಯಲ್ಲಿ, ಘಟಕಗಳು ಸೇರಿ ಪ್ರತ್ಯೇಕ ಸಂಸ್ಥೆಯೊಂದನ್ನು ರಚಿಸಿಕೊಂಡರೆ, ಸಾಮಾನ್ಯ ಸೌಲಭ್ಯ ಕೇಂದ್ರಕ್ಕೆ ಅನುದಾನ ದೊರೆಯುತ್ತದೆ. ಆದರೆ ಅದು ಬಂಡವಾಳ ವೆಚ್ಚಕ್ಕೆ ಸಲ್ಲುವುದೇ ಹೊರತು, ವರ್ಷವರ್ಷದ ವಿದ್ಯುತ್, ಸಂಬಳ, ದುರಸ್ತಿಗಳಿಗಲ್ಲ. ಆ ಹೊರೆ ಸದಸ್ಯರದೇ. ಕಾರಣ, ಸಹಿ ಹಾಕುವ ಮುನ್ನ ಮೇಲಿನ ಲೆಕ್ಕವನ್ನು ಮಾಡಿ ನೋಡುವುದು ಹಿತಕರ.

ಉದಾಹರಣೆಗೆ, ಅಕ್ಕಿ ತೌಡು ಗಿರಣಿಯಿಂದ ಹೊರಬಿದ್ದ ಕೂಡಲೇ ಕೆಡತೊಡಗುತ್ತದೆ. ಅದರ ಎಣ್ಣೆಯ ಆಮ್ಲೀಯತೆ ಏರುತ್ತದೆ. ತೌಡಿನ ಸಂಸ್ಕರಣೆ ಅಕ್ಕಿ ಗಿರಣಿಯ ಕೆಲಸದ ನೇರ ಮುಂದುವರಿಕೆ. ಗಂಗಾವತಿ ಭಾಗದ ಹತ್ತಿರದ ಗಿರಣಿಗಳು ಇದಕ್ಕಾಗಿ ಕೂಡಿದರೆ, ಅದು (ಅ) ಮಾದರಿಗೆ ಸೇರುತ್ತದೆ. ಇದಕ್ಕೆ ವಿರುದ್ಧವಾಗಿ, ಕುಷ್ಟಗಿ, ಯಲಬುರ್ಗಾ ಕಡೆಯ ಐದು ಬೇಳೆ ಮಿಲ್ಲುಗಳು ಕೂಡಿ ಒಂದೇ ಬಣ್ಣ ವಿಂಗಡಣಾ ಯಂತ್ರವನ್ನು ಕೊಂಡವೆನ್ನೋಣ. ಒಂದೇ ಸುಗ್ಗಿಯಲ್ಲಿ ಐವರಿಗೂ ಅದು ಬೇಕಾಗುತ್ತದೆ. ಉಳಿದ ತಿಂಗಳು ಯಂತ್ರ ನಿಂತಿರುತ್ತದೆ. ಸರದಿಗಾಗಿ ಕಾಯುವ ಮಾಲಿನ ಮೇಲಿನ ಬಡ್ಡಿಯನ್ನೂ ಗೋದಾಮಿನ ಬಾಡಿಗೆಯನ್ನೂ ಲೆಕ್ಕಕ್ಕೆ ಹಿಡಿದರೆ, ಉಳಿತಾಯ ಕರಗಬಹುದು.

5. ಸಾರಾಂಶ

ಕೂಡುವ ಮುನ್ನ ಕೇಳಬೇಕಾದ ಪ್ರಶ್ನೆಗಳು ನಾಲ್ಕು:

- ಒಬ್ಬರ ಉತ್ಪನ್ನ ಇನ್ನೊಬ್ಬರ ಕಚ್ಚಾ ಮಾಲಾಗುವುದೇ?
- ಸಾಗಣೆ ಮತ್ತು ದಾಸ್ತಾನಿನ ವೆಚ್ಚ ಸಂಸ್ಕರಣೆಯ ವೆಚ್ಚಕ್ಕಿಂತ ಹೆಚ್ಚಿದೆಯೇ?
- ಎಲ್ಲರಿಗೂ ಒಂದೇ ವೇಳೆಗೆ ಯಂತ್ರ ಬೇಕಾಗುವುದೇ?
- ಎಷ್ಟು ಸದಸ್ಯರವರೆಗೆ ಲಾಭ ಉಳಿಯುತ್ತದೆ?

ಮೊದಲೆರಡಕ್ಕೆ 'ಹೌದು', ಮೂರನೆಯದಕ್ಕೆ 'ಇಲ್ಲ' ಎಂಬ ಉತ್ತರ ಬಂದು, ನಾಲ್ಕನೆಯದಕ್ಕೆ ಖಚಿತ ಸಂಖ್ಯೆ ದೊರೆತರೆ ಮುಂದುವರಿಯಬಹುದು. ಇಲ್ಲವಾದರೆ ಅನುದಾನದ ಆಸೆಗಾಗಿ ಕೂಡುವುದಕ್ಕಿಂತ ಬಿಡಿಯಾಗಿ ನಡೆಯುವುದೇ ಲೇಸು.