45 ಸಂಖ್ಯೆಯೋ, ಸ್ಟ್ರಿಂಗೋ?

ಬೋಧನಾಭ್ಯಾಸದ ಎರಡನೆಯ ವಾರ, ಒಂಬತ್ತನೆಯ ತರಗತಿಗೆ ಪೈಥಾನ್ ಪಾಠ. ಎರಡು ವಿಷಯಗಳ ಅಂಕ ಕೇಳಿ ಕೂಡಿಸುವ ಮೂರು ಸಾಲಿನ ಪ್ರೋಗ್ರಾಂ. 'ಉದ್ಧರಣ ಚಿಹ್ನೆಯೊಳಗಿದ್ದರೆ ಸ್ಟ್ರಿಂಗ್, ಬರೀ ಅಂಕಿಯಾದರೆ ಸಂಖ್ಯೆ' ಎಂದು ಹಲಗೆಯ ಮೇಲೆ ಬರೆದಿದ್ದೆ. ಮಕ್ಕಳು 45, 38 ಒತ್ತಿದರು. ಪರದೆಯ ಮೇಲೆ ಬಂದದ್ದು 4538.

"ಸಾರ್, 83 ಬರ್ಬೇಕಲ್ವಾ? ನಾವು ಕೋಟ್ ಹಾಕೇ ಇಲ್ಲ" ಎಂದಳು ಹಿಂದಿನ ಬೆಂಚಿನ ಹುಡುಗಿ. ನನ್ನಲ್ಲಿ ಉತ್ತರವಿರಲಿಲ್ಲ. ಗಂಟೆ ಹೊಡೆದು ನನ್ನನ್ನು ಉಳಿಸಿತು. ಮಾರ್ಗದರ್ಶಕರು ವೀಕ್ಷಣಾ ಪುಸ್ತಕದಲ್ಲಿ 'ನಿಯಮ ಅಪೂರ್ಣ' ಎಂದು ಬರೆದರು.

ನನ್ನ ನಿಯಮ ಪ್ರೋಗ್ರಾಂನೊಳಗೆ ನಾವೇ ಬರೆಯುವ ಬೆಲೆಗಳಿಗಷ್ಟೇ ಸರಿ. ಪೈಥಾನ್ 3ರಲ್ಲಿ ಇನ್‌ಪುಟ್ ಫಂಕ್ಷನ್ ಕೀಲಿಮಣೆಯಿಂದ ಬಂದದ್ದನ್ನೆಲ್ಲ ಸ್ಟ್ರಿಂಗ್ ಆಗಿಯೇ ಕೊಡುತ್ತದೆ. ಎರಡು ಸ್ಟ್ರಿಂಗ್‌ಗಳ ನಡುವಿನ ಕೂಡಿಸುವ ಚಿಹ್ನೆ ಅವನ್ನು ಜೋಡಿಸುತ್ತದೆ, ಅಷ್ಟೇ.

ಮರುದಿನ ಹಲಗೆಯ ಮೇಲಿನ ವಾಕ್ಯವನ್ನು ಮಕ್ಕಳ ಎದುರೇ ಒರೆಸಿದೆ. ನೋಟದಿಂದ ಊಹಿಸುವ ಬದಲು ವೇರಿಯೇಬಲ್ಲನ್ನೇ ಕೇಳೋಣ ಎಂದೆ. ಟೈಪ್ ಫಂಕ್ಷನ್ ಅದರ ಜಾತಿ ಹೇಳುತ್ತದೆ. ಇಸ್‌ಇನ್‌ಸ್ಟನ್ಸ್‌ಗೆ ವೇರಿಯೇಬಲ್ಲನ್ನೂ ಎಸ್‌ಟಿಆರ್ ಎಂಬ ಹೆಸರನ್ನೂ ಕೊಟ್ಟರೆ ಟ್ರೂ ಅಥವಾ ಫಾಲ್ಸ್ ಎನ್ನುತ್ತದೆ. ಇಫ್ ಜೊತೆ ಬಳಸಲು ಇದೇ ಅನುಕೂಲ.

ಒಬ್ಬ ಹುಡುಗ, "ಇಸ್‌ಡಿಜಿಟ್ ಸಾಕಲ್ವಾ ಸಾರ್?" ಎಂದ. ಒಳ್ಳೆಯ ಪ್ರಶ್ನೆ, ನಾನು ಯೋಜಿಸಿದ್ದ ಚಟುವಟಿಕೆ ಬಿಟ್ಟು ಇದನ್ನೇ ಹಿಡಿದೆವು. ಇಸ್‌ಡಿಜಿಟ್ ಸ್ಟ್ರಿಂಗ್‌ನ ಒಳಗಿರುವುದೆಲ್ಲ ಅಂಕಿಯೇ ಎಂದು ಮಾತ್ರ ನೋಡುತ್ತದೆ. ಕೀಲಿಮಣೆಯಿಂದ ಬಂದ 45ಕ್ಕೆ ಟ್ರೂ, ಆದರೂ ಅದು ಸ್ಟ್ರಿಂಗೇ. 3.5ಕ್ಕೆ ಫಾಲ್ಸ್, ಚುಕ್ಕಿ ಅಂಕಿಯಲ್ಲ. ನಿಜವಾದ ಪೂರ್ಣಾಂಕಕ್ಕೆ ಇದನ್ನು ಬಳಸಿದರೆ ದೋಷದ ಸಂದೇಶ, ಏಕೆಂದರೆ ಪೂರ್ಣಾಂಕಕ್ಕೆ ಆ ಸೌಲಭ್ಯವೇ ಇಲ್ಲ. (ಕನ್ನಡದ ೪೫ಕ್ಕೂ ಇದು ಟ್ರೂ ಎನ್ನುತ್ತದೆ, ಇಂಟ್ ಅದನ್ನು 45 ಮಾಡಿಯೂ ಕೊಡುತ್ತದೆ. ಮಕ್ಕಳಿಗಿಂತ ನನಗೇ ಹೆಚ್ಚು ಖುಷಿಯಾಯಿತು.)

ಮೊಬೈಲ್ ನಂಬರ್ ಯಾವ ಜಾತಿಯಾಗಿರಬೇಕು ಎಂದು ಕೇಳಿದೆ. "ಸಂಖ್ಯೆ!" ಎಂದು ಇಡೀ ತರಗತಿ ಕೂಗಿತು. "ಹಾಗಾದರೆ ಇಬ್ಬರ ನಂಬರ್ ಕೂಡಿಸಿ, ಯಾರಿಗೆ ಫೋನ್ ಹೋಗುತ್ತೆ?" ಎಂದಾಗ ನಗು.

ಕೊನೆಗೆ ಆ ಹುಡುಗಿ ಎರಡೂ ಅಂಕಗಳಿಗೆ ಇಂಟ್ ಹಚ್ಚಿ 83 ತಂದಳು. ಆಮೇಲೆ ತಾನಾಗಿಯೇ ಅಂಕದ ಜಾಗದಲ್ಲಿ 'ಗೈರು' ಎಂದು ಒತ್ತಿದಳು. ಪ್ರೋಗ್ರಾಂ ಅಲ್ಲೇ ನಿಂತಿತು. ಮುಂದಿನ ಪಾಠ ಯೋಜನೆಯನ್ನು ಅಲ್ಲಿಂದಲೇ ಬರೆಯುತ್ತಿದ್ದೇನೆ.