ಬದುಕಿದ ಸಸಿಗಷ್ಟೇ ಪ್ರೋತ್ಸಾಹಧನ

ಮನೆ ಜಯನಗರದಲ್ಲೋ ಬನಶಂಕರಿಯಲ್ಲೋ. ತಾತನ ಕಾಲದ ಎರಡು ಎಕರೆ ಕಗ್ಗಲೀಪುರದ ಆಚೆ ಅಥವಾ ಆನೇಕಲ್ ಕಡೆ. ರಾಗಿ ಬಿತ್ತೋಣವೆಂದರೆ ಆಳು ಸಿಗುವುದಿಲ್ಲ, ನಾವು ಹೋಗುವುದು ವಾರಕ್ಕೊಮ್ಮೆ. ಹಿಂದೆ ಇಂಥ ಜಮೀನಿಗೆಲ್ಲ ನೀಲಗಿರಿ ನೆಟ್ಟು ಸುಮ್ಮನಾಗುತ್ತಿದ್ದರು. 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಹಾಗೆಂದು ಜಮೀನನ್ನು ಬೀಳು ಬಿಡಬೇಕಿಲ್ಲ. ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ 2011-12ರಿಂದಲೂ ಇದೆ.

ಎಷ್ಟು ಸಿಗುತ್ತದೆ?

ಇಲಾಖೆಯ ನರ್ಸರಿಯಿಂದ ರಿಯಾಯಿತಿ ದರದಲ್ಲಿ ಸಸಿ ತಂದು ನೆಡಬೇಕು. ಮೊದಲ ವರ್ಷದ ಕೊನೆಗೆ ಬದುಕಿರುವ ಪ್ರತಿ ಸಸಿಗೆ 35 ರೂಪಾಯಿ, ಎರಡನೇ ವರ್ಷ 40, ಮೂರನೇ ವರ್ಷ 50, ಒಟ್ಟು 125 ರೂಪಾಯಿ. ಹೆಕ್ಟೇರಿಗೆ ಗರಿಷ್ಠ 400 ಸಸಿ, ಅಂದರೆ ಎಕರೆಗೆ ಸುಮಾರು 160. ದರ ಆಗಾಗ ಪರಿಷ್ಕರಣೆಯಾಗುವುದರಿಂದ ನೋಂದಾಯಿಸುವಾಗ ಆ ವರ್ಷದ ದರ ಕೇಳಿಕೊಳ್ಳಿ.

ಲೆಕ್ಕ ಹಾಕಿ ನೋಡಿ. 100 ಸಸಿ ನೆಟ್ಟು ನೂರೂ ಉಳಿದರೆ ಮೂರು ವರ್ಷಕ್ಕೆ 12,500 ರೂಪಾಯಿ. ಮೊದಲ ವರ್ಷ 80, ಎರಡನೇ ವರ್ಷ 70, ಮೂರನೇ ವರ್ಷ 65 ಉಳಿದರೆ 8,850. ಮೊದಲ ಬೇಸಿಗೆಯಲ್ಲೇ ಎಲ್ಲ ಒಣಗಿದರೆ ಏನೂ ಇಲ್ಲ. ಸರ್ಕಾರ ಕೊಡುವುದು ನೆಟ್ಟದ್ದಕ್ಕಲ್ಲ, ಉಳಿಸಿದ್ದಕ್ಕೆ.

ಅಮೆರಿಕದಲ್ಲಿ ಮಣ್ಣು ಕೊಚ್ಚಿಹೋಗುವ ಜಮೀನನ್ನು ಉಳದೆ ಹುಲ್ಲು, ಮರಕ್ಕೆ ಬಿಟ್ಟ ರೈತರಿಗೆ 10ರಿಂದ 15 ವರ್ಷದ ಕರಾರಿನ ಮೇಲೆ ಬಾಡಿಗೆ ಕೊಡುವ ಯೋಜನೆ 1985ರಿಂದ ಇದೆ. ನಮ್ಮಲ್ಲಿ ಬೆಳೆ ನಿಲ್ಲಿಸಬೇಕಿಲ್ಲ. ಬದುವಿನ ಮೇಲೆ ಮರ, ನಡುವೆ ರಾಗಿ, ಅವರೆ, ಹುರುಳಿ ಇರಬಹುದು.

ಅರ್ಜಿ ಹೇಗೆ?

ಪಹಣಿ, ಜಮೀನಿನ ನಕ್ಷೆ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಪ್ರತಿ ಹಿಡಿದು ಜಮೀನಿರುವ ಹೋಬಳಿಗೆ ಸೇರಿದ ವಲಯ ಅರಣ್ಯಾಧಿಕಾರಿ ಕಚೇರಿಗೆ ಹೋಗಿ ಮಳೆಗೆ ಮೊದಲೇ ಹೆಸರು ನೋಂದಾಯಿಸಿ. ಪಹಣಿ ಇನ್ನೂ ತಾತನ ಹೆಸರಿನಲ್ಲೇ ಇದ್ದರೆ ಮೊದಲು ಪೌತಿ ಖಾತೆ ಮಾಡಿಸಿಕೊಳ್ಳಿ. ಸಸಿ ಖರೀದಿಯ ರಸೀದಿ ಜೋಪಾನ. ವರ್ಷದ ಕೊನೆಗೆ ಸಿಬ್ಬಂದಿ ಬಂದು ಸಸಿ ಎಣಿಸುವಾಗ ನೀವೂ ಜೊತೆಗಿರಿ.

ಯಾವ ಮರ?

ತೆಂಗು, ಅಡಿಕೆ, ಕಸಿ ಮಾವು, ಸಿಲ್ವರ್ ಓಕ್, ನೀಲಗಿರಿ, ಅಕೇಶಿಯಾಗಳಿಗೆ ಈ ಹಣ ಸಿಗುವುದಿಲ್ಲ. ನಮ್ಮ ಕೆಂಪು ಮಣ್ಣಿಗೆ ಹೊಂಗೆ, ಬೇವು, ಹುಣಸೆ, ನೇರಳೆ, ಹೆಬ್ಬೇವು ಒಗ್ಗುತ್ತವೆ. ಹೊಂಗೆಗೆ ದನಕರು ಸಾಮಾನ್ಯವಾಗಿ ಬಾಯಿ ಹಾಕುವುದಿಲ್ಲವಾದ್ದರಿಂದ ಬೇಲಿ ಸಾಲಿಗೆ ಅದೇ ಲೇಸು. ಬನ್ನೇರುಘಟ್ಟ ಕಾಡಂಚಿನವರು ಹಲಸಿನ ಆಸೆ ಬಿಡಿ, ಅದರ ವಾಸನೆಗೆ ಆನೆ ಬರುತ್ತದೆ. ಶ್ರೀಗಂಧ 2001ರ ಕಾನೂನು ತಿದ್ದುಪಡಿಯಿಂದ ಜಮೀನಿನ ಮಾಲೀಕರದೇ ಸ್ವತ್ತು. ಆದರೆ ನೀವಿರುವುದು ನಗರದಲ್ಲಿ, ಮರವಿರುವುದು ಹೊಲದಲ್ಲಿ. ಕಳ್ಳರ ಕಾಟ ತಡೆಯಲಾಗದಿದ್ದರೆ ಅದರ ಗೊಡವೆ ಬೇಡ.

ಉಳಿಸುವುದು ಹೇಗೆ?

ಏಪ್ರಿಲ್-ಮೇ ತಿಂಗಳಲ್ಲೇ ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಂಡಿ ತೆಗೆದು ಬಿಸಿಲಿಗೆ ಬಿಡಿ. ಮೇಲ್ಮಣ್ಣಿನ ಜೊತೆ ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಿ, ಮೃಗಶಿರಾ, ಆರಿದ್ರಾ ಮಳೆಯ ಹದದಲ್ಲಿ ನೆಡಿ. ಕವರ್ ಹರಿಯುವಾಗ ಬೇರಿನ ಹೆಂಟೆ ಒಡೆಯಬಾರದು. ಮಳೆ ನಿಂತ ಮೇಲೆ ಪಾತಿಗೆ ಒಣ ಎಲೆ, ಹುಲ್ಲು ಹೊದಿಸಿ. ಸಸಿ ಸಾಯುವುದು ಹೆಚ್ಚಾಗಿ ಫೆಬ್ರವರಿಯಿಂದ ಮೇ ನಡುವೆ. ಆಗ ವಾರಕ್ಕೊಮ್ಮೆ ಹೋಗುವ ನೀವೇ ಗಿಡಕ್ಕೊಂದು ಕೊಡ ನೀರು ಹಾಕಿ ಬನ್ನಿ. ಬೆಂಕಿ ಹರಡದಂತೆ ಜಮೀನಿನ ಸುತ್ತ ಒಣಹುಲ್ಲು ಸವರಿಸಿ.

ಕೊಳವೆಬಾವಿ ಇದ್ದವರಿಗೆ ಬೆಳೆಗೆ ಹನಿ ನೀರಾವರಿ ಅಳವಡಿಸಲು 2 ಹೆಕ್ಟೇರ್‌ವರೆಗೆ ಶೇ. 90 ಸಹಾಯಧನವೂ ಇದೆ. ರಾಗಿಯಂಥ ಕೃಷಿ ಬೆಳೆಗೆ ರೈತ ಸಂಪರ್ಕ ಕೇಂದ್ರ, ಹಣ್ಣು-ತರಕಾರಿಗೆ ತೋಟಗಾರಿಕೆ ಇಲಾಖೆಯ ತಾಲ್ಲೂಕು ಕಚೇರಿ. ಎರಡಕ್ಕೂ ರೈತರ ನೋಂದಣಿ ವ್ಯವಸ್ಥೆಯಾದ ‘ಫ್ರೂಟ್ಸ್’ನ ಗುರುತಿನ ಸಂಖ್ಯೆ ಬೇಕು.

ಮೊದಲ ವರ್ಷ ಎಕರೆ ತುಂಬ ನೆಡುವ ಹುಮ್ಮಸ್ಸು ಬೇಡ. ನೀರು ಹಾಕಿ ಸಾಕಲು ಎಷ್ಟಾಗುತ್ತದೋ ಅಷ್ಟೇ ಸಸಿ ತನ್ನಿ. ಐವತ್ತಾದರೂ ಸರಿ, ಐವತ್ತನ್ನೂ ಉಳಿಸಿ.